ಬಿಳಿ ಮೂರರಿಂದ ಶುರುವಾಗುವ ಪಾಠ

ಗುಬ್ಬಿ ತಾಲ್ಲೂಕಿನ ನಮ್ಮೂರ ಮನೆಯಲ್ಲಿ, ಪಡಸಾಲೆಯ ಕಿಟಕಿಯ ಕೆಳಗೆ, ಅಪ್ಪನ ಕಾಲು ಹಾರ್ಮೋನಿಯಂ ಇದೆ. ಅದರ ಬಿಳಿ ಮನೆಗಳು, ಅಂದರೆ ಬೆರಳಿನಿಂದ ಒತ್ತುವ ಬಿಳಿ ಪಟ್ಟಿಗಳು, ಹಳದಿಗಟ್ಟಿವೆ. ಮಧ್ಯಸ್ಥಾಯಿಯ ನಾಲ್ಕೈದು ಮನೆಗಳಲ್ಲಿ ಬೆರಳು ಕೂತು ಕೂತು ಬೆಳಕಿಗೆ ಹಿಡಿದರೆ ಕಾಣುವಷ್ಟು ತಗ್ಗು ಬಿದ್ದಿದೆ. ಅಪ್ಪ ಡ್ರಾಮಾ ಮೇಷ್ಟ್ರು. ಜಾತ್ರೆಗೆ ಎರಡು ಮೂರು ತಿಂಗಳ ಮುಂಚೆ ಯಾವುದಾದರೂ ಊರಿನವರು ಬಂದು ಪೌರಾಣಿಕ ನಾಟಕ ಕಲಿಸಿಕೊಡಬೇಕೆಂದು ಕೇಳುತ್ತಿದ್ದರು. ಅಂದಿನಿಂದ ಪೆಟ್ಟಿಗೆ ಮೊದಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ ಆ ಊರಿಗೆ ಹೋಗಿ, ನಾಟಕ ಮುಗಿದ ಬೆಳಗಿನ ಜಾವದ ನಂತರವೇ ಮನೆಗೆ ಮರಳುತ್ತಿತ್ತು. ಹೊಲದಲ್ಲಿ ದುಡಿದು ಬಂದ ಭೀಮನಿಗೂ ದುರ್ಯೋಧನನಿಗೂ ರಾತ್ರಿ ಊಟದ ನಂತರ ಮಟ್ಟು ಹೇಳಿಕೊಡುವುದು ಅಪ್ಪನ ಕೆಲಸ. ಕಲಿಯಲು ಬಂದವರು ಯಾರೇ ಆಗಲಿ, ಮೊದಲ ದಿನ ಬಿಳಿ ಒಂದರ, ಅಂದರೆ ಸ್ಥಾಯಿಯ ಮೊದಲ ಬಿಳಿ ಮನೆಯ, ಮೇಲೆ ಬೆರಳಿಡಿಸಿ, ಅಲ್ಲಿಂದ ಸಾಲಾಗಿ ಬಿಳಿ ಮನೆಗಳನ್ನೇ ಹತ್ತಿಸಿ ಇಳಿಸುತ್ತಿದ್ದರು. ನಾನು ಕಲಿತದ್ದೂ ಹಾಗೆಯೇ.

ಪೋಲೆಂಡಿನ ಪಿಯಾನೋ ವಾದಕ ಮತ್ತು ಸಂಗೀತ ರಚನಕಾರ ಫ್ರೆಡೆರಿಕ್ ಶೋಪಾನ್‌ನ ಬಗ್ಗೆ ಬರೆಯಲು ಹೊರಟವನು ಈ ಪೆಟ್ಟಿಗೆಯಿಂದ ಆರಂಭಿಸಲು ಕಾರಣವಿದೆ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುತ್ತಿದ್ದ ವರ್ಷಗಳಲ್ಲಿ, ಒಂದು ಬೆಳಿಗ್ಗೆ, ಮೊಬೈಲಿನಲ್ಲಿ ಆತನ ಒಂದು ಪುಟ್ಟ ಕೃತಿ ತಾನಾಗಿಯೇ ಮೊಳಗಿತು. ಎರಡು ನಿಮಿಷದ ಕೃತಿ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಮುಗಿದೇ ಹೋಯಿತು. ಅದನ್ನು ಮತ್ತೆ ಮತ್ತೆ ಕೇಳಿದೆ, ಆಮೇಲೆ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದುತ್ತಾ ಹೋದಂತೆ ಎಲ್ಲರೂ ಹೇಳುವ ಕ್ಷಯರೋಗಿ ಪ್ರೇಮಿಯ ಕಥೆಗಿಂತ, ಅವನು ಒಬ್ಬ ಮೇಷ್ಟ್ರಾಗಿದ್ದನೆಂಬ ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಪ್ಯಾರಿಸ್ಸಿನಲ್ಲಿ ಕಳೆದ 18 ವರ್ಷಗಳಲ್ಲಿ ಅವನ ಜೀವನ ಸಾಗಿದ್ದು ಬಹುಮಟ್ಟಿಗೆ ಪಾಠ ಹೇಳಿಕೊಟ್ಟು. ಇಡೀ ಜೀವಮಾನದಲ್ಲಿ ಅವನು ನೀಡಿದ ಸಾರ್ವಜನಿಕ ಕಛೇರಿಗಳು 30ರ ಆಸುಪಾಸು ಮಾತ್ರ.

ಆ ಪಾಠದ ಮೊದಲ ಮೆಟ್ಟಿಲು ನನ್ನನ್ನು ಬೆಚ್ಚಿಬೀಳಿಸಿತು. ಯೂರೋಪಿನಲ್ಲೂ ಪಿಯಾನೋ ಕಲಿಯುವವರು ಬಿಳಿ ಒಂದರಿಂದಲೇ, ಬರೀ ಬಿಳಿ ಮನೆಗಳ ಮೇಲೆಯೇ ಶುರು ಮಾಡುತ್ತಿದ್ದರು. ಓದಲಿಕ್ಕೆ ಅದು ಸುಲಭ. ಶೋಪಾನ್ ಅದನ್ನು ಒಪ್ಪಲಿಲ್ಲ. ಓದಲು ಸುಲಭವಾದದ್ದು ಕೈಗೆ ಕಷ್ಟ, ಕೈಗೆ ಊರುಗೋಲೇ ಸಿಗದ ಜಾಗ ಅದು ಎಂಬುದು ಅವನ ಎಣಿಕೆ. ಅವನು ಶಿಷ್ಯರ ಹೆಬ್ಬೆರಳನ್ನು ಬಿಳಿ ಮೂರರ ಮೇಲಿಡಿಸಿ, ಉದ್ದನೆಯ ಮೂರು ಬೆರಳುಗಳನ್ನು ಕರಿ ಮೂರು, ಕರಿ ನಾಲ್ಕು, ಕರಿ ಐದರ ಮೇಲೆ ಕೂರಿಸಿ, ಕಿರುಬೆರಳನ್ನು ಬಿಳಿ ಏಳರ ಮೇಲೆ ಇರಿಸುತ್ತಿದ್ದ. ಹಾರ್ಮೋನಿಯಂ ಇರುವವರು ಈಗಲೇ ಕೈಯಿಟ್ಟು ನೋಡಬಹುದು. ಉದ್ದದ ಬೆರಳುಗಳು ಎತ್ತರದ ಕರಿ ಮನೆಗಳ ಮೇಲೆ, ಗಿಡ್ಡ ಬೆರಳುಗಳು ತಗ್ಗಿನ ಬಿಳಿ ಮನೆಗಳ ಮೇಲೆ ಕೂತಾಗ ಅಂಗೈ ತಾನಾಗಿಯೇ ಸಣ್ಣ ಗೋಪುರದಂತೆ ನಿಲ್ಲುತ್ತದೆ; ಯಾವ ಬೆರಳನ್ನೂ ಮಡಚಬೇಕಿಲ್ಲ, ಚಾಚಬೇಕಿಲ್ಲ.

ಇನ್ನೊಂದು ವಿಷಯ ನನಗೆ ಹೊಳೆದದ್ದು ಪೆಟ್ಟಿಗೆಯ ಮುಂದೆ ಕೂತು ಆ ಐದು ಮನೆಗಳನ್ನು ಒಂದಾದ ಮೇಲೊಂದು ಒತ್ತಿದಾಗ. ಬಿಳಿ ಮೂರನ್ನೇ ಷಡ್ಜ ಮಾಡಿಕೊಂಡರೆ ಅದು ಚತುಶ್ರುತಿ ರಿಷಭ, ಅಂತರ ಗಾಂಧಾರ, ಪ್ರತಿ ಮಧ್ಯಮ, ಪಂಚಮ. ಎಂದರೆ ಕಲ್ಯಾಣಿ ರಾಗದ ಪೂರ್ವಾಂಗ, ಅದರ ಸ್ವರಸಾಲಿನ ಮೊದಲರ್ಧ. ಶೋಪಾನ್‌ನಿಗೆ ಕಲ್ಯಾಣಿ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಅವನು ಕೈಯ ಆಕಾರವನ್ನು ನೋಡಿ ಆ ಮನೆಗಳನ್ನು ಆರಿಸಿದ, ಅಷ್ಟೇ. ಆದರೂ ಪ್ಯಾರಿಸ್ಸಿನ ಶ್ರೀಮಂತ ಮನೆತನಗಳ ಹೆಣ್ಣುಮಕ್ಕಳು ಮೊದಲ ದಿನ ಒತ್ತಿದ ಸ್ವರಗಳೂ, ನಮ್ಮಲ್ಲಿ ಕೃಷ್ಣನ ಪಾತ್ರಧಾರಿ ಕಲ್ಯಾಣಿಯ ಮಟ್ಟನ್ನು ಎತ್ತಿಕೊಳ್ಳುವ ಸ್ವರಗಳೂ ಒಂದೇ ಎಂದು ತಿಳಿದ ಸಂಜೆ ನನಗೆ ಬಹಳ ಹೊತ್ತು ಪೆಟ್ಟಿಗೆ ಬಿಟ್ಟು ಏಳಲಾಗಲಿಲ್ಲ.

ಪಾಠಕ್ರಮದ ಬಗ್ಗೆ ಒಂದು ಪುಸ್ತಕ ಬರೆಯಬೇಕೆಂದು ಅವನು ಕೆಲವು ಪುಟಗಳ ಟಿಪ್ಪಣಿ ಮಾಡಿಕೊಂಡಿದ್ದ, ಅದು ಪೂರ್ಣವಾಗಲಿಲ್ಲ. ಆ ಟಿಪ್ಪಣಿಯಲ್ಲಿ ಇರುವ ಒಂದು ವಿಚಾರ ಅಂದಿನ ಎಲ್ಲ ಮೇಷ್ಟ್ರುಗಳಿಗೂ ವಿರುದ್ಧವಾದದ್ದು. ಐದು ಬೆರಳಿಗೂ ಒಂದೇ ಬಲ ಬರಬೇಕೆಂದು ಗಂಟೆಗಟ್ಟಲೆ ಸಾಧನೆ ಮಾಡಿಸುತ್ತಿದ್ದ ಕಾಲ ಅದು. ಪ್ರತಿ ಬೆರಳಿನ ಕಟ್ಟೇ ಬೇರೆ ಇರುವಾಗ ಅವುಗಳ ಬಲವನ್ನು ಸಮ ಮಾಡಲು ಹೊರಡುವುದು ಪ್ರಕೃತಿಗೆ ವಿರೋಧ, ಒಂದೊಂದು ಬೆರಳಿನ ಸ್ಪರ್ಶಕ್ಕೂ ಇರುವ ಸೊಗಸನ್ನು ಕೆಡಿಸುವ ಬದಲು ಬೆಳೆಸಬೇಕು ಎಂದು ಅವನು ಬರೆದ. ಅಪ್ಪನ ಬಲಗೈಯ ಉಂಗುರದ ಬೆರಳಿಗೆ ಹುಡುಗುತನದಲ್ಲೇ ಕುಡುಗೋಲು ತಾಗಿ ಅದು ಪೂರ್ತಿ ಬಾಗುವುದಿಲ್ಲ. ಆ ಬೆರಳಿನಿಂದ ಒತ್ತಿದ ಸ್ವರ ಯಾವಾಗಲೂ ಒಂದು ಕೂದಲೆಳೆಯಷ್ಟು ತಡವಾಗಿ, ಮೆತ್ತಗೆ ಬರುತ್ತಿತ್ತು. ಶೋಕದ ಪದಗಳಲ್ಲಿ ಅವರು ಬೇಕೆಂದೇ ನಿಷಾದಕ್ಕೆ ಆ ಬೆರಳನ್ನು ಇಡುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಶೋಪಾನ್‌ನ ಟಿಪ್ಪಣಿಯನ್ನು ಓದಿದಾಗ ನನ್ನ ಕಣ್ಮುಂದೆ ಬಂದದ್ದು ಆ ಬೆರಳು.

ಜೀವನದ ವಿವರಗಳನ್ನು ಚುಟುಕಾಗಿ ಹೇಳುತ್ತೇನೆ. ಅವನು ಹುಟ್ಟಿದ್ದು 1810ರಲ್ಲಿ, ವಾರ್ಸಾ ನಗರದ ಪಶ್ಚಿಮಕ್ಕಿರುವ ಝೆಲಾಝೋವಾ ವೋಲಾ ಎಂಬ ಹಳ್ಳಿಯಲ್ಲಿ. ಚರ್ಚಿನ ದಾಖಲೆ ಫೆಬ್ರವರಿ 22 ಎನ್ನುತ್ತದೆ, ಮನೆಯವರು ಮಾರ್ಚ್ 1 ಎನ್ನುತ್ತಿದ್ದರು. ತಂದೆ ಫ್ರಾನ್ಸಿನಿಂದ ವಲಸೆ ಬಂದು ಫ್ರೆಂಚ್ ಕಲಿಸುತ್ತಿದ್ದ ಮೇಷ್ಟ್ರು, ತಾಯಿ ಪೋಲೆಂಡಿನವಳು. ಏಳನೆಯ ವಯಸ್ಸಿಗೇ ಅವನ ಒಂದು ರಚನೆ ಅಚ್ಚಾಯಿತು. ಮೊದಲ ಗುರು ವೊಯ್ಚೆಹ್ ಝಿವ್ನಿ ಮೂಲತಃ ಪಿಟೀಲು ವಾದಕ. ನಂತರ ಯೂಝೆಫ್ ಎಲ್ಸ್ನರ್ ಬಳಿ ರಚನಾಶಾಸ್ತ್ರದ ಅಭ್ಯಾಸ. 1830ರ ನವೆಂಬರ್ 2ರಂದು, ಹೆಚ್ಚಿನ ಅನುಭವಕ್ಕೆಂದು ವಾರ್ಸಾ ಬಿಟ್ಟು ವಿಯೆನ್ನಾಕ್ಕೆ ಹೊರಟ. ಅದೇ ತಿಂಗಳ ಕೊನೆಯಲ್ಲಿ ಪೋಲೆಂಡಿನವರು ರಷ್ಯಾದ ಆಳ್ವಿಕೆಯ ವಿರುದ್ಧ ದಂಗೆಯೆದ್ದರು. ಜೊತೆಗಿದ್ದ ಗೆಳೆಯ ಹೋರಾಟಕ್ಕೆ ಊರಿಗೆ ಮರಳಿದ, ಶೋಪಾನ್ ಉಳಿದುಕೊಂಡ. ಮರುವರ್ಷ ಸೆಪ್ಟೆಂಬರಿನಲ್ಲಿ ವಾರ್ಸಾ ಸೋತ ಸುದ್ದಿ ಅವನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಿಕ್ಕಿತು. ಅಲ್ಲಿಂದ ಪ್ಯಾರಿಸ್ಸಿಗೆ ಹೋದವನು ಮತ್ತೆ ತನ್ನ ನೆಲವನ್ನು ಮೆಟ್ಟಲಿಲ್ಲ. ತಂದೆತಾಯಿಯನ್ನು ಕಡೆಯ ಬಾರಿ ಕಂಡದ್ದು 1835ರಲ್ಲಿ, ಅದೂ ಬೇರೆ ದೇಶದ ಕಾರ್ಲ್ಸ್‌ಬಾಡ್ ಎಂಬ ಊರಿನಲ್ಲಿ.

ಪ್ಯಾರಿಸ್ಸಿನಲ್ಲಿ ಅವನ ಪಾಠಕ್ಕೆ 20 ಫ್ರಾಂಕ್. ಶಿಷ್ಯರ ಮನೆಗೇ ಹೋಗಬೇಕಾದರೆ 30. ಶಿಷ್ಯೆಯರು ಹಣವನ್ನು ಅವನ ಕೈಗೆ ಕೊಡದೆ, ಬೆಂಕಿಗೂಡಿನ ಮೇಲಿನ ಹಲಗೆಯ ಮೇಲಿಟ್ಟು ಹೋಗುತ್ತಿದ್ದರಂತೆ. ನಮ್ಮಲ್ಲಿ ತಾಲೀಮು ಮುಗಿದ ದಿನ ಎಲೆ ಅಡಿಕೆಯ ತಟ್ಟೆಯಲ್ಲಿಟ್ಟ ನೋಟುಗಳನ್ನು ಅಪ್ಪ ಎಣಿಸದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕಲಿಸಿದ್ದಕ್ಕೆ ಹಣ ತೆಗೆದುಕೊಳ್ಳುವಾಗಿನ ಆ ಸಂಕೋಚ ನನಗೆ ಚೆನ್ನಾಗಿ ಗೊತ್ತು.

ಶಿಷ್ಯರಿಗೆ ಅವನು ಪದೇ ಪದೇ ಹೇಳುತ್ತಿದ್ದುದು ಹಾಡುಗಾರರನ್ನು ಕೇಳಿ ಎಂದು. ಪ್ಯಾರಿಸ್ಸಿನ ಇಟಾಲಿಯನ್ ಸಂಗೀತ ನಾಟಕಗಳಲ್ಲಿ ಹಾಡುತ್ತಿದ್ದ ಗಾಯಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಒಂದು ಸ್ವರದಿಂದ ಇನ್ನೊಂದಕ್ಕೆ ಹೇಗೆ ಜಾರುತ್ತಾರೆ ಎಂಬುದನ್ನು ಪಿಯಾನೋ ನುಡಿಸುವವರು ಕಲಿಯಬೇಕು ಎಂಬುದು ಅವನ ಒತ್ತಾಯ. ಒಬ್ಬ ಶಿಷ್ಯೆಗಂತೂ ಹಾಡುಗಾರಿಕೆಯನ್ನೇ ಕಲಿಯಲು ಹೇಳಿದ್ದ. ಈ ಒತ್ತಾಯದ ಹಿಂದೆ ವಾದ್ಯದ್ದೇ ಒಂದು ಕೊರತೆಯಿದೆ. ಪಿಯಾನೋದಲ್ಲಿ ಮನೆ ಒತ್ತಿದ ಕ್ಷಣ ಒಳಗೆ ಒಂದು ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಮರುಕ್ಷಣದಿಂದಲೇ ನಾದ ಸಾಯತೊಡಗುತ್ತದೆ. ಸಾಯುತ್ತಿರುವ ನಾದಗಳನ್ನು ಒಂದಕ್ಕೊಂದು ಪೋಣಿಸಿ ಹಾಡಿನ ಭ್ರಮೆ ಹುಟ್ಟಿಸುವುದೇ ಅವನ ಕಲೆ. ನಮ್ಮ ಹಾರ್ಮೋನಿಯಂನ ಕೊರತೆ ಇದಕ್ಕೆ ತದ್ವಿರುದ್ಧ: ಗಾಳಿ ಇರುವವರೆಗೂ ನಾದ ಸಾಯುವುದಿಲ್ಲ, ಆದರೆ ಸ್ವರವನ್ನು ಬಾಗಿಸಿ ಗಮಕ ತೆಗೆಯಲು ಆಗುವುದಿಲ್ಲ. ಇಂಥ ಆಕ್ಷೇಪಗಳ ಕಾರಣಕ್ಕೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತು. ಆ ವರ್ಷಗಳಲ್ಲೂ ನಮ್ಮ ಜಿಲ್ಲೆಯ ನಾಟಕಗಳು ಅದೇ ಪೆಟ್ಟಿಗೆಯ ಮೇಲೆ ನಡೆದವು; ಗಮಕವಿಲ್ಲದ ವಾದ್ಯದಲ್ಲಿ ಗಮಕವಿದೆ ಎನಿಸುವಂತೆ ನುಡಿಸುವ ಮೇಷ್ಟ್ರುಗಳು ಹಳ್ಳಿಗಳಲ್ಲಿದ್ದರು.

ಇಲ್ಲಿ ಒಂದು ಇತಿಹಾಸದ ಮಾತು ಹೇಳಲೇಬೇಕು. ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದವನು ಅಲೆಕ್ಸಾಂಡ್ರ್ ದಬೆಯ್ನ್ ಎಂಬ ಫ್ರೆಂಚ್ ಕುಶಲಕರ್ಮಿ, 1840ರ ದಶಕದ ಆರಂಭದಲ್ಲಿ, ಪ್ಯಾರಿಸ್ಸಿನಲ್ಲಿ. ಶೋಪಾನ್ ಆಗ ಅದೇ ನಗರದಲ್ಲಿ ಪಾಠ ಹೇಳುತ್ತಿದ್ದ. ದಬೆಯ್ನ್ ಮಾಡಿದ್ದು ಕಾಲಿನಿಂದ ತಿದಿ ತುಳಿಯುವ ವಾದ್ಯ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿಯೊತ್ತುವ ಕೈ ಹಾರ್ಮೋನಿಯಂ ಬಂದದ್ದು 1875ರ ಹೊತ್ತಿಗೆ, ಕಲ್ಕತ್ತೆಯ ದ್ವಾರಕಾನಾಥ ಘೋಷರಿಂದ. ನಾಟಕದವರು ಮಾತ್ರ ಕಾಲು ಹಾರ್ಮೋನಿಯಂ ಅನ್ನು ಕೈಬಿಡಲಿಲ್ಲ, ಏಕೆಂದರೆ ಎರಡೂ ಕೈ ಮನೆಗಳ ಮೇಲಿದ್ದರೆ ಮೈಕಿಲ್ಲದ ಕಾಲದಲ್ಲೂ ಸ್ವರ ಕಡೆಯ ಸಾಲಿನವರೆಗೆ ಕೇಳುತ್ತಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ನೆರಳಿನಲ್ಲಿ ಬೆಳೆದ ನಮ್ಮ ತಾಲ್ಲೂಕಿನ ನಾಟಕದ ಪೆಟ್ಟಿಗೆ, ಹಾಗೆ ನೋಡಿದರೆ, ಶೋಪಾನ್‌ನ ಊರಿನಿಂದಲೇ ಬಂದದ್ದು.

ಅವನ ರಚನೆಗಳಲ್ಲಿ ನನಗೆ ಅತ್ಯಂತ ಆಪ್ತವಾದವು ಮಝುರ್ಕಾಗಳು. 50ಕ್ಕೂ ಹೆಚ್ಚು ಮಝುರ್ಕಾಗಳನ್ನು ಅವನು ಹುಡುಗುತನದಿಂದ ಸಾಯುವ ವರ್ಷದವರೆಗೂ ಬರೆದ. ಮಝುರ್ಕಾ ಪೋಲೆಂಡಿನ ಹಳ್ಳಿಗರ ಕುಣಿತ; ಎಣಿಕೆ ಮೂರರದು, ಆದರೆ ಪೆಟ್ಟು ಮೊದಲ ಎಣಿಕೆಯ ಮೇಲೆ ಬೀಳದೆ ಎರಡನೆಯದರ ಅಥವಾ ಮೂರನೆಯದರ ಮೇಲೆ ಬೀಳುತ್ತದೆ. 14–15ರ ವಯಸ್ಸಿನ ಬೇಸಿಗೆ ರಜೆಗಳಲ್ಲಿ ಶಫಾರ್ನ್ಯಾ ಎಂಬ ಹಳ್ಳಿಗೆ ಹೋದಾಗ ಅವನು ರೈತರ ಹಾಡು ಮತ್ತು ವಾದ್ಯಗಳನ್ನು ಕಿವಿತುಂಬ ಕೇಳಿದ್ದ. ಇಪ್ಪತ್ತರ ಆಸುಪಾಸಿನಲ್ಲಿ ಬರೆದ ಒಂದು ಮಝುರ್ಕಾದ ನಡುಭಾಗದಲ್ಲಿ ಎಡಗೈ ಷಡ್ಜ ಪಂಚಮವನ್ನು ಶ್ರುತಿಪೆಟ್ಟಿಗೆಯ ಹಾಗೆ ಬಿಡದೆ ಹಿಡಿದಿರುತ್ತದೆ, ಬಲಗೈ ಅದರ ಮೇಲೆ ಪ್ರತಿ ಮಧ್ಯಮವಿರುವ ಒಂದು ಹಳ್ಳಿಯ ಧಾಟಿಯನ್ನು ನುಡಿಸುತ್ತದೆ. ಅದನ್ನು ರಾಗವೆಂದು ಕರೆಯುವುದು ತಪ್ಪು, ರಾಗಕ್ಕೆ ಸಂಚಾರ ಬೇಕು, ಗಮಕ ಬೇಕು. ಆದರೂ ಯೂರೋಪಿನ ಸಂಗೀತವೆಂದರೆ ಹಲವು ಸ್ವರ ಒಟ್ಟಿಗೆ ಒತ್ತುವುದಷ್ಟೇ ಎಂದುಕೊಂಡಿದ್ದ ನನ್ನ ಕಿವಿ ಆ ಕೆಲವು ಕ್ಷಣ ಮನೆಯಲ್ಲಿಯೇ ಇದ್ದಂತೆ ಕೇಳಿಸಿಕೊಂಡಿತು.

ಇದರ ಲಯದ ಬಗ್ಗೆ ಒಂದು ಪ್ರಸಂಗವನ್ನು ಅವನ ಶಿಷ್ಯ ಲೆಂಝ್ ದಾಖಲಿಸಿದ್ದಾನೆ. ಒಂದು ಮಝುರ್ಕಾದ ಪಾಠ ನಡೆಯುತ್ತಿರುವಾಗ ಪ್ರಖ್ಯಾತ ರಚನಕಾರ ಮೇಯರ್‌ಬೇರ್ ಒಳಗೆ ಬಂದು, ಇದು ಎರಡರ ಎಣಿಕೆ ಎಂದ. ಮೂರರದು ಎಂದ ಶೋಪಾನ್. ಮೇಯರ್‌ಬೇರ್ ಪಟ್ಟು ಬಿಡಲಿಲ್ಲ. ಸದಾ ಮೆಲುಮಾತಿನ ಮನುಷ್ಯನಾದ ಶೋಪಾನ್ ಕೆರಳಿ, ತಾನೇ ಪಿಯಾನೋ ಮುಂದೆ ಕೂತು, ಕಾಲಿನಿಂದ ನೆಲಕ್ಕೆ ತಾಳ ಹಾಕುತ್ತಾ, ಗಟ್ಟಿಯಾಗಿ ಎಣಿಸುತ್ತಾ ನುಡಿಸಿ ತೋರಿಸಿದನಂತೆ. ಅವನು ಎಣಿಕೆಯ ಒಳಗೆ ಸ್ವರಗಳನ್ನು ಅಷ್ಟು ಎಳೆದು ಸೆಳೆದು ನುಡಿಸುತ್ತಿದ್ದ. ಕಾಗದದ ಮೇಲೆ ಬರೆಯಲಾಗದ ಹಳ್ಳಿಯ ನಡೆ ಅದು. ಈ ಎಳೆತಕ್ಕೆ ಅವರಲ್ಲಿ ರುಬಾಟೊ ಎನ್ನುತ್ತಾರೆ. ಎಡಗೈ ತಾಳದ ಯಜಮಾನ, ಅದು ಅಲುಗಬಾರದು. ಬಲಗೈ ಬೇಕಾದಂತೆ ತಡೆಯಲಿ, ಓಡಲಿ, ಎಂಬುದು ಅವನು ಶಿಷ್ಯರಿಗೆ ಕೊಟ್ಟ ನಿಯಮ. ತಾಲೀಮಿನಲ್ಲಿ ಪಾತ್ರಧಾರಿಯೊಬ್ಬ ಭಾವಕ್ಕೆ ಬಿದ್ದು ಸಾಲನ್ನು ಎಳೆದಾಗ ತಬಲದವನು ಅವನ ಹಿಂದೆ ಹೋದರೆ ಅಪ್ಪ ಗದರುತ್ತಿದ್ದುದು ಇದೇ ಮಾತನ್ನು: ‘ಅವ್ನು ಎಲ್ಲಾದ್ರೂ ಹೋಗ್ಲಿ, ನೀನ್ ಮನೇಲಿರು.’

ಜಾರ್ಜ್ ಸ್ಯಾಂಡ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕಾದಂಬರಿಗಾರ್ತಿಯ ಜೊತೆಗಿನ ಅವನ ಒಂಬತ್ತು ವರ್ಷಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಒಂದು ಚಳಿಗಾಲವನ್ನಷ್ಟೇ ಹೇಳುತ್ತೇನೆ. 1838ರ ಕೊನೆಯಲ್ಲಿ ಅವರು ಮಯೋರ್ಕಾ ದ್ವೀಪಕ್ಕೆ ಹೋಗಿ ವಾಲ್ಡೆಮೋಸಾದ ಹಳೆಯ ಮಠದಲ್ಲಿ ತಂಗಿದರು. ಮಳೆ, ಥಂಡಿ, ಕೆಮ್ಮು; ಊರಿನವರಿಗೆ ಕ್ಷಯದ ಭಯ. ಪ್ಯಾರಿಸ್ಸಿನಿಂದ ತರಿಸಿದ ಪ್ಲೇಯೆಲ್ ಪಿಯಾನೋ ಸುಂಕದ ಕಟ್ಟೆಯಲ್ಲಿ ವಾರಗಟ್ಟಲೆ ಕೂತು, ಅವರು ಹೊರಡುವುದಕ್ಕೆ ಕೆಲವೇ ವಾರ ಮುಂಚೆ ಮಠ ತಲುಪಿತು. ಅಲ್ಲಿಯೇ ಪ್ರೆಲ್ಯೂಡ್ ಎಂಬ 24 ಪುಟ್ಟ ಕೃತಿಗಳ ಗುಚ್ಛ ಪೂರ್ಣವಾಯಿತು. ರೈಲಿನಲ್ಲಿ ನನ್ನನ್ನು ಹಿಡಿದದ್ದು ಅವುಗಳಲ್ಲಿ ನಾಲ್ಕನೆಯದು.

1848ರ ನವೆಂಬರ್ 16ರಂದು, ಲಂಡನ್ನಿನಲ್ಲಿ, ಪೋಲೆಂಡಿನ ನಿರಾಶ್ರಿತರ ಸಹಾಯಾರ್ಥ ನುಡಿಸಿದ್ದೇ ಅವನ ಕಡೆಯ ಸಾರ್ವಜನಿಕ ವಾದನ. 1849ರ ಅಕ್ಟೋಬರ್ 17ರಂದು ಪ್ಯಾರಿಸ್ಸಿನಲ್ಲಿ, 39ರ ವಯಸ್ಸಿನಲ್ಲಿ ತೀರಿಕೊಂಡ. ಮೈಯನ್ನು ಅಲ್ಲಿನ ಪೇರ್ ಲಾಶೇಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು; ಹೃದಯವನ್ನು ಮಾತ್ರ, ಅವನ ಆಸೆಯಂತೆ, ಅಕ್ಕ ಲುದ್ವಿಕಾ ಮದ್ಯಸಾರ ತುಂಬಿದ ಗಾಜಿನ ಜಾಡಿಯಲ್ಲಿಟ್ಟು, ಗಡಿ ಕಾವಲಿನ ಕಣ್ಣು ತಪ್ಪಿಸಿ ವಾರ್ಸಾಕ್ಕೆ ತಂದಳು. ಅದು ಅಲ್ಲಿನ ಹೋಲಿ ಕ್ರಾಸ್ ಚರ್ಚಿನ ಒಂದು ಕಂಬದೊಳಗಿದೆ. 1863ರಲ್ಲಿ ಮತ್ತೊಂದು ದಂಗೆಯ ಸಮಯದಲ್ಲಿ ರಷ್ಯಾದ ಸೈನಿಕರು, ವಾರ್ಸಾದಲ್ಲಿ ತಂಗಿಯ ಮನೆಯಲ್ಲಿದ್ದ ಅವನ ಪಿಯಾನೋವನ್ನು ಕಿಟಕಿಯಿಂದ ಬೀದಿಗೆ ಎಸೆದರು. 1940ರಲ್ಲಿ ನಾಜಿಗಳು ಅವನ ಪ್ರತಿಮೆಯನ್ನು ಸಿಡಿಸಿ ಉರುಳಿಸಿದರು. ಒಂದು ವಾದ್ಯವೂ ಒಂದು ಪ್ರತಿಮೆಯೂ ಆಳುವವರಿಗೆ ಇಷ್ಟು ಹೆದರಿಕೆ ಹುಟ್ಟಿಸಬಹುದೆಂದು ಓದಿದಾಗ ನನಗೆ ಆ ಮಝುರ್ಕಾಗಳು ಬೇರೆಯಾಗಿಯೇ ಕೇಳಿಸತೊಡಗಿದವು. 1927ರಿಂದ ವಾರ್ಸಾದಲ್ಲಿ ಅವನ ಹೆಸರಿನ ಸ್ಪರ್ಧೆ ನಡೆಯುತ್ತಿದೆ, ಈಗ ಐದು ವರ್ಷಕ್ಕೊಮ್ಮೆ. 1980ರಲ್ಲಿ ಅದನ್ನು ಗೆದ್ದವನು ಯುದ್ಧಕಾಲದ ವಿಯೆಟ್ನಾಂನಲ್ಲಿ ಪಿಯಾನೋ ಕಲಿತ ದಾಂಗ್ ಥಾಯ್ ಸೋನ್, ಆ ಬಹುಮಾನ ಪಡೆದ ಮೊದಲ ಏಷ್ಯಾದವನು.

ಶೋಪಾನ್‌ನ ಅಂತ್ಯಕ್ರಿಯೆಯಲ್ಲಿ, ಮಾದ್‌ಲೆನ್ ಚರ್ಚಿನ ಆರ್ಗನ್ ಮೇಲೆ, ಆ ನಾಲ್ಕನೆಯ ಪ್ರೆಲ್ಯೂಡನ್ನು ಲೆಫೆಬ್ಯೂರ್ ವೆಲಿ ಎಂಬ ವಾದಕ ನುಡಿಸಿದ. ಆರ್ಗನ್ ಗಾಳಿಯ ವಾದ್ಯ, ನಮ್ಮ ಪೆಟ್ಟಿಗೆಯೂ ಗಾಳಿಯ ವಾದ್ಯ. ಹಾಗಿದ್ದರೆ ಅಪ್ಪನ ಹಾರ್ಮೋನಿಯಂನಲ್ಲಿ ಅದನ್ನು ನುಡಿಸುವುದು ಅಪಚಾರವಾಗಲಾರದು ಎಂದುಕೊಂಡು ನಾನು ಎರಡು ತಿಂಗಳು ಅಭ್ಯಾಸ ಮಾಡಿದೆ, ಕಳೆದ ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಮುಂದೆ ನುಡಿಸಿದೆ. ಬಲಗೈಗೆ ಹೆಚ್ಚು ಕೆಲಸವಿಲ್ಲ. ಬಿಳಿ ಮೂರನ್ನು ಷಡ್ಜ ಎಂದುಕೊಂಡರೆ, ಪಂಚಮ, ಪಕ್ಕದ ಶುದ್ಧ ಧೈವತ, ಮತ್ತೆ ಪಂಚಮ. ಬಹಳ ಹೊತ್ತು ಅಷ್ಟೇ. ಎಡಗೈಯಲ್ಲಿ ಮೂರು ಸ್ವರಗಳು ಒಟ್ಟಿಗೆ ಮಿಡಿಯುತ್ತವೆ, ಮೂರರಲ್ಲಿ ಒಮ್ಮೆ ಒಂದು, ಇನ್ನೊಮ್ಮೆ ಮತ್ತೊಂದು, ಅರ್ಧ ಮನೆ ಕೆಳಗೆ ಜಾರುತ್ತಾ ಇಡೀ ಕಟ್ಟಡ ನಿಧಾನವಾಗಿ ತಗ್ಗುತ್ತದೆ. ಪೆಟ್ಟಿಗೆಯಲ್ಲಿ ತೀರಾ ಕೆಳಗಿನ ಸ್ವರಗಳು ಸಿಗದ ಕಡೆ ನಾನು ಒಂದು ಸ್ಥಾಯಿ ಮೇಲೆ ಒತ್ತಿದೆ. ಮಿಡಿತವನ್ನು ಪಿಯಾನೋದ ಹಾಗೆ ಕುಟ್ಟತೊಡಗಿದಾಗ ಅಪ್ಪ ತಡೆದರು. ‘ಕುಟ್ಬೇಡ. ಹಿಡ್ಕ.’ ಹಿಡಿದುಕೊಂಡು ನುಡಿಸಿದೆ. ಸ್ವರಗಳು ಒಂದರಿಂದ ಒಂದಕ್ಕೆ ಕರಗಿ ಇಳಿದವು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಡಗೈ ಇಳ್ಕಂಡು ಹೋಯ್ತಾ ಐತೆ. ಬಲಗೈ ಬಿಡ್ತಾನೇ ಇಲ್ವಲ್ಲಪ್ಪ’ ಎಂದರು. ನಂತರ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಬಂದು ಕೂತು, ನನ್ನ ಕಾಲು ಸರಿಸಿ, ತುಳಿಯುವ ಹಲಗೆಗಳ ಮೇಲೆ ತಮ್ಮ ಪಾದಗಳನ್ನಿಟ್ಟು, ‘ನೀನು ಕೈ ನೋಡ್ಕ, ಗಾಳಿ ನಾನು ಕೊಡ್ತೀನಿ’ ಎಂದರು. ಮೊದಲಿನಿಂದ ನುಡಿಸಿದೆ. ನಡುವೆ ಬಲಗೈ ಒಮ್ಮೆ ಮೇಲೆ ಹಾರಿ ಗೋಗರೆಯುವ ಜಾಗದಲ್ಲಿ ಅವರ ತುಳಿತ ಜೋರಾಯಿತು, ಆಮೇಲೆ ತಾನಾಗಿ ತಗ್ಗಿತು. ಕೊನೆಯ ಮೂರು ಸ್ವರಮೇಳಗಳಿಗೆ ಮುಂಚೆ ಶೋಪಾನ್ ಒಂದು ಮೌನವನ್ನು ಬರೆದಿದ್ದಾನೆ. ಅದನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ. ಅಭಿಮನ್ಯು ಬಿದ್ದ ಮೇಲೆ ರಂಗದಲ್ಲಿ ಯಾರೂ ಮಾತಾಡದ ಹೊತ್ತಿನಲ್ಲಿ ಮಾಡುತ್ತಿದ್ದಂತೆ ಅವರು ಎರಡೂ ಪಾದಗಳನ್ನು ಹಲಗೆಯಿಂದ ಎತ್ತಿ ಹಿಡಿದರು. ತಿದಿಯಲ್ಲಿ ಉಳಿದಿದ್ದ ಗಾಳಿ ಪೂರ್ತಿ ಹೋಗುವವರೆಗೆ ಕಾದು, ನನ್ನ ಬೆರಳುಗಳನ್ನು ನೋಡಿ, ಮೂರು ಬಾರಿ ಮೆಲ್ಲಗೆ ತುಳಿದರು.